ಗೋಡೆಯ ಮೇಲಿನ ಏಳು ಒಂದು

ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರಾ ಹನ್ನೊಂದು. ಬಾಯಿಂದ ಹೇಳಲು ಒಂದು ಉಸಿರು ಬೇಕು, ಬರೆಯಲು ಏಳು ಗೆರೆ ಸಾಕು. ಈ ಸಂಖ್ಯೆ ನನ್ನ ನೌಕರಿಯನ್ನು ತಿಂದುಹಾಕುವುದರಲ್ಲಿತ್ತು. ತಿನ್ನದೆ ಬಿಟ್ಟದ್ದು ಅದರ ದೊಡ್ಡತನ, ನನ್ನ ಜಾಣತನವಲ್ಲ.

ಮಾಸ್ತರಿಕೆಗೆ ಹೊಸದಾಗಿ ಸೇರಿದವರು ಈಗಲೂ ನನ್ನ ಮನೆಗೆ ಬಂದು, "ಸರ್ರೀ, ನಿಮ್ಮ ಅನುಭವ ಹೇಳ್ರಿ" ಎನ್ನುತ್ತಾರೆ. ಬಡ್ತಿ ಯಾವಾಗ ಬಂತು, ಎಲ್ಲಿಂದ ಎಲ್ಲಿಗೆ ವರ್ಗವಾಯಿತು ಎಂಬುದನ್ನೆಲ್ಲ ಸರಕಾರ ಬರೆದಿಟ್ಟುಕೊಂಡಿದೆ. ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ಸರಕಾರ ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಓದಿ ನಗಬೇಕೆನಿಸಿದರೆ ನಗಿರಿ; ನಾರಾಯಣಪೇಟೆಯ ಮೂರು ತಲೆಮಾರಿನ ಹುಡುಗರು ನಕ್ಕಿದ್ದಾರೆ, ನಿಮ್ಮದೇನು ಹೊಸದಲ್ಲ.

ನಾನು ಮಖ್ತಲ್ ಹತ್ತಿರದ ಒಂದು ಹಳ್ಳಿಯವನು. ನಮ್ಮ ವಂಶದಲ್ಲಿ ನನಗಿಂತ ಮೊದಲು ಅಕ್ಷರ ಕಂಡದ್ದು ನಮ್ಮ ಮನೆಯ ಎತ್ತು ಎಂದು ಅಪ್ಪ ಹೇಳುತ್ತಿದ್ದ. ಸಂತೆಯಿಂದ ತಂದಾಗ ಅದರ ತೊಡೆಯ ಮೇಲೆ ಯಾವುದೋ ಅಕ್ಷರದ ಮುದ್ರೆ ಇತ್ತಂತೆ. ಆ ಎತ್ತಿನ ನಂತರ ನಾನು. ಹೈದರಾಬಾದಿನಲ್ಲಿ ನಾರಾಯಣಪೇಟೆ ಸೀರೆಗಳ ಅಂಗಡಿಯೊಂದರ ಅಟ್ಟದ ಮೇಲೆ ಮಲಗಿ, ಬೆಳಿಗ್ಗೆ ಸೀರೆ ಗಂಟು ಬಿಚ್ಚಿ, ಸಂಜೆ ಗಂಟು ಕಟ್ಟಿ, ನಡುವಿನ ಹೊತ್ತಿನಲ್ಲಿ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮಾಡಿದೆ. ನಿಜಾಮರ ಕಾಲ. ಕಲಿತದ್ದೆಲ್ಲ ಉರ್ದುವಿನಲ್ಲಿ. ತ್ರಿಕೋನಕ್ಕೆ ಮುಸಲ್ಲಸ್, ಗುಣಾಕಾರಕ್ಕೆ ಜರಬ್, ಭಾಗಾಕಾರಕ್ಕೆ ತಕ್ಸೀಮ್. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಲೆಕ್ಕದಲ್ಲಿ ಉರ್ದು. ನನ್ನ ತಲೆಯೊಳಗೆ ಒಂದು ಸಣ್ಣ ಸಂತೆಯೇ ನೆರೆದಿತ್ತು.

ಪದವಿ ಬಂದ ಮೇಲೆ ನನ್ನ ಕಾಲು ಬಹಳ ದಿನ ನೆಲಕ್ಕೆ ತಾಗಲಿಲ್ಲ. ಅಗಸನಿಗೆ ಹಾಕುವ ಅಂಗಿಯ ಕಾಲರಿನ ಒಳಗೂ ಬಿ.ಎಸ್ಸಿ. ಎಂದು ಬರೆದುಕೊಟ್ಟಿದ್ದೆ. ಅವನು ಅದರ ಪಕ್ಕದಲ್ಲೇ ತನ್ನ ಎಂದಿನ ಮೂರು ಚುಕ್ಕಿ ಹಾಕಿಕೊಂಡ. ನನ್ನ ಪದವಿಯಿಂದ ಅವನಿಗೆ ಅಂಗಿಯ ಗುರುತು ಹತ್ತಲಿಲ್ಲವಂತೆ.

ಅಪ್ಪನಿಗೆ ನಾನು ತಹಸೀಲ್ದಾರನಾಗಬೇಕಿತ್ತು. ಆದದ್ದು ನಾರಾಯಣಪೇಟೆಯ ಶಾಲೆಯಲ್ಲಿ ಲೆಕ್ಕದ ಮಾಸ್ತರ. "ಹೋಗ್ಲಿ ಬಿಡು ತಮ್ಮಾ, ಅದೂ ಸರಕಾರದ್ದ ಹೌದಲ್ಲ" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಊರವರ ಮುಂದೆ ಮಾತ್ರ, "ನಮ್ಮ ಬಸಲಿಂಗ ಏನ್ ಹೇಳ್ತಾನೋ ಅದನ್ನ ಇಡೀ ನಾರಾಯಣಪೇಟಿ ಬರಕೊಂತೈತಿ" ಎನ್ನುತ್ತಿದ್ದ.

ಆಗ ಮುಖ್ಯೋಪಾಧ್ಯಾಯರಾಗಿದ್ದವರು ದಸ್ತಗೀರ್ ಸಾಹೇಬರು. ಫಾರಸಿ ಕಲಿಸುತ್ತಿದ್ದರು. ತೆಳ್ಳಗಿನ ಮನುಷ್ಯ, ಶೇರವಾನಿಯ ಗುಂಡಿಗಳನ್ನು ಬೇಸಿಗೆಯಲ್ಲೂ ಗಂಟಲಿನ ತನಕ ಹಾಕಿಕೊಳ್ಳುವವರು. ಶಾಲೆಯ ಪಡಸಾಲೆಯಲ್ಲಿ ಒಂದು ಕರಿ ಹಲಗೆ ಇತ್ತು. ಅದರ ಬಲ ಅರ್ಧದಲ್ಲಿ ಸಾಹೇಬರು ದಿನಕ್ಕೊಂದು ಫಾರಸಿ ನೀತಿಮಾತು ಬರೆಯುವರು. ಎಡ ಅರ್ಧ ಖಾಲಿ ಇರುತ್ತಿತ್ತು. ನಾನು ಸೇರಿದ ಹೊಸತರಲ್ಲಿ ಕರೆದು ಹೇಳಿದರು:

"ಮಿಯಾಂ, ಈ ಕಡಿ ಖಾಲಿ ಐತಿ. ನಿಮ್ದು ಏನಾರ ಹಿಸಾಬ್ ಬರೀರಿ. ನನ್ನ ಮಾತಂತೂ ಹುಡುಗ್ರು ಓದಂಗಿಲ್ಲ. ನಿಮ್ದಾದ್ರೂ ಓದಲಿ."

ನಾನು ಒಂದು ಪದ್ಧತಿ ಹಚ್ಚಿದೆ. ಹಲಗೆಯ ಮೇಲೆ ಒಂದು ಸಂಖ್ಯೆ ಬರೆಯುವುದು. ಅದನ್ನು ಎರಡು ಸಣ್ಣ ಸಂಖ್ಯೆಗಳ ಗುಣಾಕಾರವಾಗಿ ಯಾರು ಒಡೆಯುತ್ತಾರೋ ಅವರು ಉತ್ತರವನ್ನು ಕೆಳಗೆ ಬರೆದು, ಶಾಲೆಯ ಗಂಟೆಯನ್ನು ಒಮ್ಮೆ ಬಾರಿಸಬಹುದು. ಒಡೆಯುವ ತನಕ ಸಂಖ್ಯೆಯನ್ನು ಅಳಿಸುವಂತಿಲ್ಲ. ಗಂಟೆ ಬಾರಿಸುವುದೆಂದರೆ ಹುಡುಗರಿಗೆ ಜೀವ. ಅದಕ್ಕಾಗಿ ಧನ್ವಾಡದ ಕಡೆಯಿಂದ ನಡೆದು ಬರುವ ಹುಡುಗರು ದಾರಿಯುದ್ದಕ್ಕೂ ಭಾಗಿಸುತ್ತ ಬರುತ್ತಿದ್ದರು.

ಮೊದಮೊದಲು ಕಂಡಕಂಡ ಸಂಖ್ಯೆ ಬರೆದೆ. ದಿನವೂ ಗಂಟೆ ಮೊಳಗಿತು. ನನ್ನ ಬಿ.ಎಸ್ಸಿ.ಗೆ ಅದು ಅಷ್ಟು ಹಿಡಿಸಲಿಲ್ಲ. ಗಟ್ಟಿಯಾದದ್ದನ್ನು ಹುಡುಕುತ್ತ ಬರೀ ಒಂದುಗಳ ಸಂಖ್ಯೆಗೆ ಬಂದೆ. ಉರ್ದುವಿನಲ್ಲಿ ಒಂದು ಎಂದರೆ ಒಂದು ನೆಟ್ಟನೆಯ ಗೆರೆ, ಅಷ್ಟೇ. ಸಾಲಾಗಿ ಬರೆದರೆ ಹೊಲಕ್ಕೆ ಬೇಲಿ ಹಾಕಿದಂತೆ ಕಾಣುತ್ತದೆ. ಬಲದಿಂದ ಓದುವವನಿಗೂ ಅದೇ, ಎಡದಿಂದ ಓದುವವನಿಗೂ ಅದೇ.

ಮೂರು ಒಂದು ಬರೆದೆ. ಮೂರು ಮೂವತ್ತೇಳಲೆ ಎಂದು ಗಂಟೆ ಹೊಡೆದರು. ನಾಲ್ಕು ಒಂದು ಬರೆದೆ. ಹನ್ನೊಂದು ನೂರೊಂದಲೆ ಎಂದು ಮತ್ತೆ ಹೊಡೆದರು. ಐದು ಒಂದು ಬರೆದಾಗ ಬಹಳ ದಿನ ಶಾಂತಿ ಇತ್ತು. ಆಮೇಲೆ ಒಂದು ಮಧ್ಯಾಹ್ನ ಪಕ್ಕದ ಮದ್ದೂರಿನ ಹುಡುಗರ ಗುಂಪು ನಲವತ್ತೊಂದು ಇನ್ನೂರಾ ಎಪ್ಪತ್ತೊಂದಲೆ ಎಂದು ಕಂಡುಹಿಡಿದು, ಒಂದು ಸಲ ಹೊಡೆಯಬೇಕಾದ ಗಂಟೆಯನ್ನು ಸಾಲಾಗಿ ಹೊಡೆಯಿತು; ಶಾಲೆ ಬಿಟ್ಟಿತೆಂದು ಸಣ್ಣ ಮಕ್ಕಳು ಮನೆಗೆ ಹೋಗಿಬಿಟ್ಟರು. ಆರು ಒಂದು ಬರೆದ ದಿನವಂತೂ ಅನ್ಯಾಯ. ಅದು ಮೂರರಿಂದ ಹೋಗುತ್ತದೆ, ಏಳರಿಂದ ಹೋಗುತ್ತದೆ, ಹನ್ನೊಂದು, ಹದಿಮೂರು, ಮೂವತ್ತೇಳು, ಎಲ್ಲದರಿಂದಲೂ ಹೋಗುತ್ತದೆ. ಕರೆದವರ ಮನೆಗೆಲ್ಲ ಹೋಗುವ ನೆಂಟನಂಥ ಸಂಖ್ಯೆ.

ಏಳು ಒಂದು ಬರೆದೆ. ಗಂಟೆ ನಿಂತಿತು.

ಆ ಸಂಖ್ಯೆಯ ಮೇಲೆ ನನಗೆ ಪ್ರೀತಿ ಹುಟ್ಟಿತೆಂದರೆ ನೀವು ನಂಬಬೇಕು. ಅದನ್ನು ಅದರಿಂದಲೇ ಗುಣಿಸಿ ನೋಡಿರಿ: ೧೨೩೪೫೬೭೬೫೪೩೨೧ ಬರುತ್ತದೆ. ಒಂದರಿಂದ ಏಳರ ತನಕ ಮೆಟ್ಟಿಲು ಹತ್ತಿ, ಮತ್ತೆ ಒಂದಕ್ಕೆ ಇಳಿದುಬರುತ್ತದೆ. ಇದನ್ನು ಹಲಗೆಯ ಮೇಲೆ ಮಾಡಿ ತೋರಿಸಿದ ದಿನ ದಸ್ತಗೀರ್ ಸಾಹೇಬರು ಬಾಗಿಲಲ್ಲಿ ನಿಂತು ನೋಡಿ, "ಇದು ಹಿಸಾಬ್ ಅಲ್ಲ ಮಿಯಾಂ, ಇದು ಶಾಯರಿ" ಎಂದರು.

ಆರು ಒಂದನ್ನು ಒಡೆಯುವ ಯಾವ ಸಂಖ್ಯೆಯೂ ಏಳು ಒಂದನ್ನು ಮುಟ್ಟುವುದಿಲ್ಲ. ಎಲ್ಲದಕ್ಕೂ ಒಂದು ಉಳಿಯುತ್ತದೆ. ಐದು ಒಂದನ್ನು ಒಡೆದ ನಲವತ್ತೊಂದಕ್ಕೆ ಹನ್ನೊಂದು ಉಳಿಯುತ್ತದೆ. ಹುಡುಗರು ಸೋತರು. ಇದು ಒಡೆಯಲಾರದ ಸಂಖ್ಯೆಯೇ ಎಂದು ನನಗೂ ಅನಿಸಿತು. ನಿಯಮ ನನಗೆ ಗೊತ್ತಿತ್ತು: ಹಾಗೆ ಹೇಳಬೇಕಾದರೆ ಸಾವಿರದ ಐವತ್ತರ ಆಚೆತನಕ ಇರುವ ಒಡೆಯದ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕು. ಕುಳಿತು ಭಾಗಿಸಿದೆ. ನೂರು ದಾಟಿದೆ. ನೂರಾ ತೊಂಬತ್ತೊಂಬತ್ತಕ್ಕೆ ಬಂದಾಗ ಬೆನ್ನು ನೋಯುತ್ತಿತ್ತು, ಎದುರು ಮನೆಯಿಂದ ಉಗ್ಗಾಣಿಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಇನ್ನೂರರ ತನಕ ಬಗ್ಗದವನು ಮುಂದೆ ಬಗ್ಗಿಯಾನೇ ಎಂದುಕೊಂಡು ಎದ್ದೆ. ಅದು ಗಣಿತವಲ್ಲ, ಹಸಿವು. ಆದರೆ ಪದವಿ ಪಡೆದವನ ಹಸಿವಿಗೂ ಒಂದು ಗತ್ತು ಇರುತ್ತದೆ.

ಮರುದಿನ ಸಾಹೇಬರಿಗೆ ಹೇಳಿದೆ: "ಇದು ಒಡಿಯಂಗಿಲ್ರೀ ಸಾಹೇಬ್ರ. ಯಾವುದರಿಂದಾನೂ ಹೋಗಂಗಿಲ್ಲ."

"ಪಕ್ಕಾ?"

"ಪಕ್ಕಾ ರೀ."

"ಹಂಗಾದ್ರ ಹಲಗಿ ಮ್ಯಾಲ ಯಾಕ? ಗೋಡಿ ಮ್ಯಾಲ ಬರಸ್ರಿ."

ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಅಂಗಡಿ ಫಲಕ ಬರೆಯುವ ಪೇಂಟರನನ್ನು ಕರೆಸಿ, ಅಂಗಳದ ಎದುರು ಗೋಡೆಯ ಮೇಲೆ, ಪ್ರಾರ್ಥನೆಗೆ ನಿಂತ ಎಲ್ಲರ ಕಣ್ಣಿಗೂ ಬೀಳುವ ಹಾಗೆ, ಮೊಳದುದ್ದದ ಏಳು ಒಂದು ಬರೆಸಿದೆ. ಕರಿ ಎಣ್ಣೆ ಬಣ್ಣ. ಕೆಳಗೆ ಉರ್ದುವಿನಲ್ಲಿ: ಈ ಸಂಖ್ಯೆಯನ್ನು ಯಾರೂ ಒಡೆಯಲಾರರು. ಅದರ ಕೆಳಗೆ: ಬಸಲಿಂಗಪ್ಪ, ಬಿ.ಎಸ್ಸಿ. ಹೆಸರು ಹಾಕೆಂದು ಸಾಹೇಬರು ಹೇಳಿರಲಿಲ್ಲ. ಅದು ನನ್ನ ಕಡೆಯಿಂದ.

ಸರಕಾರಿ ಗೋಡೆಯ ಮೇಲೆ ಮಗನ ಹೆಸರು ಬರೆದಿದ್ದಾರೆ ಎಂಬ ಸುದ್ದಿ ಹಳ್ಳಿಗೆ ಮುಟ್ಟಿತು. ಅಪ್ಪ ಅದನ್ನು ಊರಿಗೆಲ್ಲ ಹೇಳಿ, "ಒಂದ್ ದಿನ ಹೋಗಿ ಕಣ್ಣಾರೆ ನೋಡಿ ಬರ್ತೀನಿ" ಎಂದು ಸಾರಿಬಿಟ್ಟ.

ಅಷ್ಟರಲ್ಲಿ ಪೊಲೀಸ್ ಆಕ್ಷನ್ ಆಯಿತು; ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಯಿತು. ಶಾಲೆ ಕೆಲವು ದಿನ ಮುಚ್ಚಿತು. ಆ ದಿನಗಳ ಬಗ್ಗೆ ತಮಾಷೆ ಮಾಡುವ ಎದೆ ನನಗಿಲ್ಲ. ದಸ್ತಗೀರ್ ಸಾಹೇಬರು ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ನಾನು ಸಂಜೆಗೆ ಹೋಗಿ ಅವರ ಕಟ್ಟೆಯ ಮೇಲೆ ಕೂತು ಬರುತ್ತಿದ್ದೆ. ಒಂದು ದಿನ ಅವರೇ ಕೇಳಿದರು: "ಗೋಡಿ ಮ್ಯಾಲ ನಿಮ್ಮ ಸಂಖ್ಯಾ ಇನ್ನೂ ಐತೇನು?" ಐತ್ರೀ ಎಂದೆ. "ಇರ್ಲಿ. ಒಂದಾದ್ರೂ ಒಡೀಲಾರದ್ದು ಊರಾಗ ಇರ್ಲಿ" ಎಂದರು.

ಶಾಲೆ ಮತ್ತೆ ತೆರೆಯಿತು. ಒಂದರ ಹಿಂದೆ ಒಂದು ಹುಕುಂ ಬರತೊಡಗಿತು. ಉರ್ದು ಬಿಟ್ಟು ಹುಡುಗರ ಮಾತಿನಲ್ಲೇ ಕಲಿಸಬೇಕು. ಕೆಲವರಿಗೆ ಕನ್ನಡ, ಕೆಲವರಿಗೆ ತೆಲುಗು. ಎರಡೂ ನನಗೆ ಬರುತ್ತಿದ್ದವು. ಆದರೆ ಅವುಗಳಲ್ಲಿ ಲೆಕ್ಕ ಬರುತ್ತಿರಲಿಲ್ಲ. ಮುಸಲ್ಲಸ್ ಎಂದು ಬಾಯಿಗೆ ಬಂದದ್ದನ್ನು ನುಂಗಿ "ಮೂರು ಮೂಲಿದು" ಎನ್ನುತ್ತಿದ್ದೆ. ಹುಡುಗರು, "ಮುಸಲ್ಲಸ್ ಅಂತೀರೇನ್ರೀ ಸರ್ರೀ?" ಎಂದು ನನಗೆ ನೆನಪು ಮಾಡಿಕೊಡುತ್ತಿದ್ದರು. ಇನ್ನೊಂದು ಹುಕುಂ: ವಾರದ ರಜೆ ಇನ್ನು ಮೇಲೆ ಶುಕ್ರವಾರವಲ್ಲ, ಭಾನುವಾರ. ಇದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಕನ್ನಡದಲ್ಲಿ ಓದಿ ಹೇಳಿದವನು ನಾನೇ. ಇದನ್ನು ನೆನಪಿಡಿ. ನಾನು ಇಡಲಿಲ್ಲ.

ಹೊಸ ಶಾಲಾ ಇನ್ಸ್‌ಪೆಕ್ಟರು ಬಂದರು. ಇನಾಮದಾರ ಸಾಹೇಬರೆಂದು, ಧಾರವಾಡದ ಕಡೆಯವರು. ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಕೊಡೆ. ಯಾವ ಮಾಸ್ತರರನ್ನು ಇಟ್ಟುಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ಬರೆದು ಕಳಿಸುವ ಅಧಿಕಾರ ಅವರದು. ಅವರೂ ಗಣಿತದವರೇ ಎಂದು ನನಗೆ ಗೊತ್ತಿರಲಿಲ್ಲ. ಗೋಡೆಯ ಮುಂದೆ ನಿಂತು, ಕೊಡೆಯ ತುದಿಯಿಂದ ತೋರಿಸಿ ಕೇಳಿದರು:

"ಇದೇನ್ರೀ ಬೇಲಿ?"

ದಸ್ತಗೀರ್ ಸಾಹೇಬರು ಗೋಡೆಯ ಮೇಲಿನ ಉರ್ದು ಓದಿ ಅರ್ಥ ಹೇಳಿದರು.

"ಬಸಲಿಂಗಪ್ಪ ಯಾರು?"

"ನಾನ್ರೀ."

"ಉರ್ದುದಾಗ ಗಣಿತಾ ಕಲ್ತೀರಿ?"

"ಹೌದ್ರೀ."

"ಉರ್ದುದಾಗ ಗಜಲ್ ಹಾಡೋದು ಕೇಳೀನಿ. ಗಣಿತಾನೂ ಬರತೈತೇನು ಅದರಾಗ?"

ಈ ಮಾತು ನನಗೆ ನಾಟಿತು. ಅಟ್ಟದ ಮೇಲೆ ಸೀರೆ ಗಂಟುಗಳ ನಡುವೆ ಓದಿದ್ದೆಲ್ಲ ಒಮ್ಮೆಲೇ ನೆನಪಿಗೆ ಬಂತು. "ಗಣಿತ ಯಾವುದರಾಗ ಕಲ್ತರೂ ಗಣಿತಾನೇ ರೀ" ಎಂದೆ. ಧ್ವನಿ ಸ್ವಲ್ಪ ಏರಿತ್ತು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಲಿ ತನಕ ಭಾಗಿಸಿ ನೋಡೀರಿ?"

"ಪೂರ್ತಿ ರೀ."

"ಪೂರ್ತಿ ಅಂದ್ರ? ಸಾವಿರದ ಐವತ್ತರ ಆಚೀಕ?"

"ಹೌದ್ರೀ."

ಹೌದ್ರೀ ಎಂಬ ಪದ ನಮ್ಮ ಕಡೆ ಎಷ್ಟು ಸಲೀಸಾಗಿ ಬಾಯಿಂದ ಜಾರುತ್ತದೆಂದರೆ, ಜಾರಿದ ಮೇಲೇ ಅದು ಸುಳ್ಳೆಂದು ಗೊತ್ತಾಗುತ್ತದೆ.

"ಬೇಶ್. ಮಖ್ತಲ್, ಗದ್ವಾಲ ಮುಗಿಸಿ ಶನಿವಾರ ತಿರುಗಿ ಬರತೀನಿ. ಭಾಗಾಕಾರ ಮಾಡಿದ ಹಾಳಿ ತಗದಿಡ್ರಿ. ಖರೇ ಇದ್ರ ನೀವು ಇರತೀರಿ. ಇರದಿದ್ರ ನಿಮ್ಮೂರಾಗ ಹೊಲಾ ಐತೇನು?"

"ಐತ್ರೀ, ಸ್ವಲ್ಪ."

"ಛಲೋ ಆತು" ಎಂದು ಹೊರಟುಹೋದರು.

ನಾನು ಅಪ್ಪನಿಗೆ ಜ್ವರವೆಂದು ರಜೆ ಕೇಳಿ ಊರಿಗೆ ಹೋದೆ. ಅಪ್ಪ ಕಣದಲ್ಲಿ ಎತ್ತು ಕಟ್ಟಿಕೊಂಡು ಗಟ್ಟಿಮುಟ್ಟಾಗಿ ನಿಂತಿದ್ದ. ನಾನು ಬೇವಿನ ಮರದ ಕೆಳಗೆ ಹಾಳೆ ಹರವಿಕೊಂಡು ಕುಳಿತೆ. ಭಾಗಾಕಾರವೆಲ್ಲ ಮುಗಿಸಿ, ಇನಾಮದಾರ ಸಾಹೇಬರ ಮುಂದೆ ಹಾಳೆಗಳ ಕಟ್ಟನ್ನೇ ಇಟ್ಟುಬಿಡುವುದೆಂದು ಲೆಕ್ಕ ಹಾಕಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ.

"ಏನ್ ಮಾಡಾಕ ಹತ್ತಿ ತಮ್ಮಾ?"

"ಒಂದು ಸಂಖ್ಯಾ ಐತಪ್ಪ. ಅದು ಒಡಿಯಂಗಿಲ್ಲ ಅಂತ ತೋರಸ್ಬೇಕು."

"ಒಡಿಯಂಗಿಲ್ಲ ಅಂತ ಗೊತ್ತಿದ್ರ ಒಡ್ಯಾಕ ಯಾಕ ಕುಂತಿ?"

ಇದಕ್ಕೆ ನನ್ನ ಕಾಲೇಜಿನಲ್ಲಿ ಯಾರೂ ಉತ್ತರ ಕಲಿಸಿರಲಿಲ್ಲ. "ಸಾಹೇಬ್ರು ಕೇಳ್ಯಾರ" ಎಂದೆ.

"ಸಾಹೇಬ್ರು ಕೇಳಿದ್ರ ಮಾಡಬೇಕು ಬಿಡು" ಎಂದು ಎದ್ದು ಹೋದ.

ಇನ್ನೂರಾ ಹನ್ನೊಂದರಿಂದ ಸುರು ಮಾಡಿದೆ. ಹೋಗಲಿಲ್ಲ. ಇನ್ನೂರಾ ಇಪ್ಪತ್ಮೂರು, ಹೋಗಲಿಲ್ಲ. ಇಪ್ಪತ್ತೇಳು, ಇಪ್ಪತ್ತೊಂಬತ್ತು, ಮೂವತ್ಮೂರು, ಯಾವುದೂ ಇಲ್ಲ. ಮನಸ್ಸು ಹಗುರವಾಗುತ್ತ ಬಂತು. ಇನ್ನೂರಾ ಮೂವತ್ತೊಂಬತ್ತು. ನಾಲ್ಕು ಸಲ ಹೋಯಿತು, ಆರು ಸಲ ಹೋಯಿತು, ಮತ್ತೆ ನಾಲ್ಕು ಸಲ. ಕೊನೆಗೆ ಎರಡು ಸಾವಿರದ ನೂರಾ ಐವತ್ತೊಂದು ಉಳಿದಿತ್ತು. ಒಂಬತ್ತರಿಂದ ಗುಣಿಸಿದೆ. ಎರಡು ಸಾವಿರದ ನೂರಾ ಐವತ್ತೊಂದು.

ಕೆಳಗೆ ಸೊನ್ನೆ ಬರೆಯಲು ಕೈ ಬರಲಿಲ್ಲ.

ತಿರುಗಿ ಗುಣಿಸಿ ನೋಡಿದೆ. ಇನ್ನೂರಾ ಮೂವತ್ತೊಂಬತ್ತನ್ನು ನಾಲ್ಕು ಸಾವಿರದ ಆರುನೂರಾ ನಲವತ್ತೊಂಬತ್ತರಿಂದ ಗುಣಿಸಿದರೆ ಏಳು ಒಂದು ಸಾಲಾಗಿ ಬಂದು ನಿಂತವು; ಒಂದೂ ತಪ್ಪಿಸಿಕೊಂಡಿರಲಿಲ್ಲ. ಇಷ್ಟು ದಿನ ನಾನು ಬೀಗಿದ ಸಂಖ್ಯೆ ನನ್ನ ಎದುರಿಗೇ ಎರಡಾಗಿ ಬಿದ್ದಿತ್ತು. ಅಂದು ಬೆನ್ನು ನೋವೆಂದು ನಾನು ಎದ್ದ ಜಾಗದಿಂದ ಆರನೆಯ ಹೆಜ್ಜೆಯಲ್ಲಿ ಅದು ಕಾದು ಕುಳಿತಿತ್ತು. ಉಗ್ಗಾಣಿ ಸ್ವಲ್ಪ ತಡವಾಗಿ ಬೆಂದಿದ್ದರೆ ನಾನು ಮರ್ಯಾದಸ್ಥನಾಗಿ ಉಳಿಯುತ್ತಿದ್ದೆ.

ಗುರುವಾರ ಸಂಜೆಗೆ ನಾರಾಯಣಪೇಟೆಗೆ ಮರಳಿ, ಸೀದಾ ದಸ್ತಗೀರ್ ಸಾಹೇಬರ ಮನೆಗೆ ಹೋಗಿ ಹಾಳೆ ತೋರಿಸಿದೆ. ಅವರು ಅದನ್ನು ಉಲ್ಟಾ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

"ಹೋಯ್ತಾ?"

"ಹೋತ್ರೀ."

"ಎಷ್ಟು ಉಳೀತು?"

"ಏನೂ ಉಳೀಲಿಲ್ರೀ. ಅದಽ ಕಷ್ಟ."

ಸಾಹೇಬರು ನಿಟ್ಟುಸಿರು ಬಿಟ್ಟರು. "ಮೂವತ್ತು ವರ್ಷ ಹಲಗಿ ಮ್ಯಾಲ ನೀತಿ ಬರ್ದೀನಿ ಮಿಯಾಂ. ಅದರಾಗ ಎಷ್ಟು ಸುಳ್ಳಿತ್ತೋ ಖುದಾಗ ಗೊತ್ತು. ಯಾರೂ ಭಾಗಿಸಿ ನೋಡ್ಲಿಲ್ಲ. ನಿಮ್ದು ಭಾಳ ಕಷ್ಟದ ಧಂಧೆ."

"ಸುಣ್ಣಾ ಹೊಡದ್ರ ಹೆಂಗ್ರೀ? ಹೊಸ ಸರಕಾರ ಬಂತು, ಗೋಡಿ ಬೆಳ್ಳಗ ಮಾಡಿದ್ವಿ ಅಂತ ಹೇಳಿದ್ರಾತು."

ಅವರು ಹಾಳೆಯನ್ನು ಮಡಿಚಿ ನನ್ನ ಕೈಗೆ ಕೊಟ್ಟರು.

ನನ್ನ ತಲೆಯಲ್ಲಿ ಎಲ್ಲ ಸಿದ್ಧವಾಗಿತ್ತು. ನಾಳೆ ಶುಕ್ರವಾರ, ಶಾಲೆಗೆ ರಜೆ, ಅಂಗಳದಲ್ಲಿ ನರಪಿಳ್ಳೆ ಇರುವುದಿಲ್ಲ. ನಾಡಿದ್ದು ಶನಿವಾರ ಇನಾಮದಾರ ಸಾಹೇಬರು ಬಂದರೆ ಬಿಳಿ ಗೋಡೆ. ಹಾಳೆ ಎಲ್ಲಿ ಎಂದರೆ ಗೋಡೆಯ ಮೇಲೆ ಸಂಖ್ಯೆಯೇ ಇಲ್ಲವಲ್ಲ ಎನ್ನಬಹುದು. ಒಂದನೆಯ ಇಯತ್ತೆಯಿಂದ ಬಿ.ಎಸ್ಸಿ.ಯ ತನಕ ಶುಕ್ರವಾರವೇ ರಜೆ ಕಂಡ ದೇಹ ಅದು. ಹೊಸ ಹುಕುಂ ಓದಿದ್ದು ನನ್ನ ಬಾಯಿ, ಕೇಳಿಸಿಕೊಂಡವರು ಹುಡುಗರು, ನನ್ನ ಕಿವಿಗೆ ಅದು ಬಿದ್ದಿರಲೇ ಇಲ್ಲ.

ಬೆಳಿಗ್ಗೆ ಧೋತರ ಎತ್ತಿ ಕಟ್ಟಿ, ತಲೆಗೆ ವಲ್ಲಿ ಸುತ್ತಿ, ಬಕೀಟು ಸುಣ್ಣ ಮತ್ತು ನಾರಿನ ಕುಂಚ ಹಿಡಿದು ಹೋದೆ. ಸ್ಟೂಲು ಹತ್ತಿ ಬಲಗಡೆಯಿಂದ ಸುರು ಮಾಡಿದೆ. ಎಣ್ಣೆ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ, ಜಾರುತ್ತದೆ. ಮೇಲಿಂದ ಮೇಲೆ ಬಳಿದು ಅಂತೂ ಒಂದು ಗೆರೆ ಮುಚ್ಚಿದೆ. ಆಗ ಗಂಟೆ ಹೊಡೆಯಿತು.

ಯಾವನೋ ಪೋರ ರಜೆಯ ದಿನ ಬಂದು ಗಂಟೆ ಹೊಡೆಯುತ್ತಿದ್ದಾನೆ ಎಂದು ತಿರುಗಿದರೆ, ಇಡೀ ಶಾಲೆ ಪ್ರಾರ್ಥನೆಗೆ ಸಾಲುಗಟ್ಟಿ ಒಳಗೆ ಬರುತ್ತಿತ್ತು. ಬಂದು, ಎಂದಿನಂತೆ ಆ ಗೋಡೆಗೇ ಮುಖ ಮಾಡಿ ನಿಂತಿತು. ದಸ್ತಗೀರ್ ಸಾಹೇಬರು ಸ್ಟೂಲಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಮಿಯಾಂ, ಇವತ್ತು ಜುಮ್ಮಾ ಖರೇ. ಛುಟ್ಟಿ ಐತ್ವಾರ."

ಇಳಿದು ಓಡಬಹುದಿತ್ತು. ಆದರೆ ಸುಣ್ಣ ಮೆತ್ತಿದ ಬಿ.ಎಸ್ಸಿ. ಬಕೀಟು ಹಿಡಿದು ಓಡುವುದನ್ನು ನೆನೆಸಿಕೊಂಡು ಅಲ್ಲೇ ನಿಂತೆ. ಇದೆಲ್ಲ ಮೊದಲೇ ಗೊತ್ತುಮಾಡಿದ ಕೆಲಸವೆಂಬಂತೆ ಮತ್ತೆ ಗೋಡೆಗೆ ತಿರುಗಿದೆ. ಹಿಂದಿನಿಂದ ಒಂದು ಸಣ್ಣ ಧ್ವನಿ:

"ಸರ್ರೀ, ಈಗ ಆರು ಉಳದಾವು. ಮೂರಲೇ ಹೋಗ್ತೈತ್ರೀ."

"ಏಳಲೇ ಹೋಗ್ತೈತಿ" ಎಂದಿತು ಇನ್ನೊಂದು.

"ಹದಿಮೂರಲೇನೂ ಹೋಗ್ತೈತಿ."

ಗೆರೆಗಳ ಕೆಳಗಿನ ಬರಹ ನೋಡಿದೆ: ಯಾರೂ ಒಡೆಯಲಾರರು, ಬಸಲಿಂಗಪ್ಪ, ಬಿ.ಎಸ್ಸಿ. ಅವರ ಬಾಯಿ ಮುಚ್ಚಿಸಲು ಗಡಿಬಿಡಿಯಿಂದ ಇನ್ನೊಂದು ಗೆರೆ ಮುಚ್ಚಿದೆ. ಐದು ಉಳಿದವು.

"ನಲವತ್ತೊಂದು" ಎಂದು ಮದ್ದೂರಿನ ಗುಂಪು ಒಂದೇ ದನಿಯಲ್ಲಿ ಹೇಳಿತು. ಅವರು ಅದನ್ನು ಹೇಗೆ ಮರೆತಾರು?

ಮತ್ತೊಂದು ಮುಚ್ಚಿದೆ. ನಾಲ್ಕು. "ಹನ್ನೊಂದಲೇ ಹೋಗ್ತೈತ್ರೀ." ಮತ್ತೊಂದು. ಮೂರು. "ಮೂವತ್ತೇಳು ಮೂರಲೇ." ಈಗ ಸಣ್ಣ ತರಗತಿಯವರೂ ಸೇರಿಕೊಂಡಿದ್ದರು. ಪ್ರಾರ್ಥನೆಯನ್ನು ಎಂದೂ ಇಷ್ಟು ಒಗ್ಗಟ್ಟಿನಿಂದ ಹೇಳಿದವರಲ್ಲ. ಸುಣ್ಣ ನನ್ನ ಮೊಣಕೈಯಿಂದ ಇಳಿದು ಅಂಗಿಯೊಳಗೆ ಹೋಗುತ್ತಿತ್ತು. ಇನ್ನೊಂದನ್ನು ಬಳಿದೆ.

ಎರಡು ಉಳಿದವು. ಹಿಂದೆ ಹುಡುಗರು ತುಟಿ ಅಲ್ಲಾಡಿಸುತ್ತ ಭಾಗಿಸುತ್ತಿದ್ದರು. ಕೊನೆಗೆ ಒಬ್ಬ, ಒಲ್ಲದ ಮನಸ್ಸಿನಿಂದ, "ಇದು ಒಡಿಯಂಗಿಲ್ಲ" ಎಂದ.

"ಅಲ್ಲೇ ನಿಂದ್ರಿಸ್ರಿ ಮಾಸ್ತರ."

ಆ ದನಿ ಹುಡುಗರದಲ್ಲ. ತಿರುಗಿದೆ. ಸಾಲಿನ ಹಿಂದೆ ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಕೊಡೆ. ಇನಾಮದಾರ ಸಾಹೇಬರು ಒಂದು ದಿನ ಮುಂಚೆಯೇ ಬಂದಿದ್ದರು. ನಾನು ಕುಂಚ ಹಿಡಿದುಕೊಂಡೇ ಕೈ ಮುಗಿದೆ. ಸುಣ್ಣ ಹಣೆಗೂ ಹತ್ತಿತು.

"ಇಳೀರಿ ಕೆಳಗ. ಎಷ್ಟರಿಂದ ಹೋತು?"

"ಇನ್ನೂರಾ ಮೂವತ್ತೊಂಬತ್ತರಿಂದ್ರೀ."

"ಹೌದು. ಗದ್ವಾಲಕ್ಕ ಹೋಗೂ ಮುಂದ ಕೃಷ್ಣಾ ದಂಡ್ಯಾಗ ತೆಪ್ಪ ಕಾಯ್ಕೊಂತ ಕುಂತಿದ್ದೆ. ಬ್ಯಾಸರಾತು. ಕೊಡೀಲೆ ಉಸುಕಿನ ಮ್ಯಾಲ ಭಾಗಿಸಿದೆ. ನನಗೂ ಅಲ್ಲೇ ಸಿಕ್ತು. ತೆಪ್ಪದಾಂವ ನನಗ ತಲಿ ಕೆಟ್ಟೈತಿ ಅಂತ ತಿಳ್ಕೊಂಡ." ಸ್ವಲ್ಪ ತಡೆದು ಕೇಳಿದರು: "ಮೊದಲ ಎಲ್ಲೀ ತನಕ ನೋಡಿದ್ರಿ?"

ಇನ್ನು ಹೌದ್ರೀ ಎನ್ನುವ ಶಕ್ತಿ ಉಳಿದಿರಲಿಲ್ಲ. "ನೂರಾ ತೊಂಬತ್ತೊಂಬತ್ತು ರೀ."

"ಆಮ್ಯಾಲ?"

"ಹಸಿವಾತ್ರೀ."

ಇನಾಮದಾರ ಸಾಹೇಬರ ಮೀಸೆ ಅಲುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ. ನಾನು ಮನಸ್ಸಿನಲ್ಲೇ ಅಪ್ಪನ ಎತ್ತುಗಳ ಹಿಂದೆ ನಡೆಯುತ್ತಿದ್ದೆ. ದಸ್ತಗೀರ್ ಸಾಹೇಬರು ಶೇರವಾನಿಯ ಮೇಲಿನ ಗುಂಡಿಯನ್ನು ತಿರುವುತ್ತ, "ಹುಜೂರ್, ಗೋಡಿ ಮ್ಯಾಲ ಬರಸಂದಾಂವ ನಾನು" ಎಂದರು. ತಮ್ಮ ನೌಕರಿಯೇ ಅದೇ ಕೊಡೆಯ ತುದಿಯಲ್ಲಿ ತೂಗುತ್ತಿದ್ದಾಗ ಅವರು ಆಡಿದ ಮಾತು ಅದು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

"ನಿಮ್ಮನ್ನ ಕೇಳಿಲ್ರೀ ನಾನು" ಎಂದು ಇನಾಮದಾರರು ನನ್ನ ಕಡೆ ತಿರುಗಿದರು. "ಭಾಗಿಸಿ ನೋಡದಾಂವ ಸುಣ್ಣಾ ತರತಿದ್ದಿಲ್ಲ. ಖಾಲಿ ಹಾಳಿ ಹಿಡಕೊಂಡು ನಾಳೆ ನನ್ನ ಮುಂದ ನಿಂದರತಿದ್ದ. ನೀವು ಸುಣ್ಣಾ ತಂದೀರಿ ಅಂದ್ರ ಲೆಕ್ಕಾ ಮಾಡೀರಿ. ಲೆಕ್ಕಾ ಬರತೈತಿ ನಿಮಗ. ಸುಣ್ಣಾ ಹೊಡ್ಯಾಕ ಬರಂಗಿಲ್ಲ. ಇರ್ರಿ."

ಇರ್ರಿ ಎಂದರೆ ನೌಕರಿ ಉಳಿಯಿತು ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ, ಬಿ.ಎಸ್ಸಿ.ಯ ಸ್ವಭಾವ ನೋಡಿ, ಸ್ಟೂಲಿನ ಮೇಲೆ ಕಾಲಿಟ್ಟು, "ಉಳಿದಿದ್ದೂ ಅಳಿಸಿ ಬಿಡ್ತೀನ್ರೀ" ಎಂದೆ.

"ಅಳಸಬ್ಯಾಡ್ರಿ. ಈಗ ಅಲ್ಲಿ ಬರೆದದ್ದು ಖರೇ ಐತಿ. ಹನ್ನೊಂದನ್ನ ಯಾರೂ ಒಡೀಲಾರ್ರು. ನಿಮ್ಮ ಹೆಸರೂ ಇರ್ಲಿ, ಡಿಗ್ರೀನೂ ಇರ್ಲಿ. ನೀವು ಈ ಸಾಲ್ಯಾಗ ಇರೂ ತನಕ ಇರ್ಲಿ."

ದಸ್ತಗೀರ್ ಸಾಹೇಬರೂ ಉಳಿದರು. ನಿವೃತ್ತಿಯ ತನಕ ಫಾರಸಿಯನ್ನೇ ಬರೆದರು. ಓದುವವರು ಕಡಿಮೆಯಾದ ಮೇಲೆ ಕೆಳಗೆ ಕನ್ನಡದಲ್ಲಿ ಅರ್ಥ ಬರೆಯುವ ಕೆಲಸ ನನಗೆ ಬಂತು.

ಹೀಗೆ ನಾರಾಯಣಪೇಟೆಯ ಶಾಲೆಗೆ ಹೊಸದಾಗಿ ಬಂದ ಪ್ರತಿಯೊಬ್ಬ ಹುಡುಗನೂ, ಬಸಲಿಂಗಪ್ಪ ಬಿ.ಎಸ್ಸಿ. ಎಂಬವರು ಬಹಳ ಓದಿ, ಹನ್ನೊಂದನ್ನು ಒಡೆಯಲಾಗದು ಎಂದು ಕಂಡುಹಿಡಿದಿದ್ದಾರೆ ಎಂದು ತಿಳಿದುಕೊಂಡ. ಮಳೆಗಾಲದಲ್ಲಿ ಸುಣ್ಣ ಕಳಚಿ ಹಳೆಯ ಗೆರೆಗಳು ಒಂದೊಂದಾಗಿ ಇಣುಕುತ್ತಿದ್ದವು. ಹುಡುಗರು ಓಡಿ ಬಂದು, "ಸರ್ರೀ, ಮೂರನೇದ್ದು ಕಾಣಾಕ ಹತ್ತೈತಿ, ಮೂವತ್ತೇಳಲೇ ಹೋಗ್ತೈತಿ" ಎಂದು ವರದಿ ಕೊಡುವರು. ನಾನು ಬಕೀಟು ಎತ್ತಿಕೊಳ್ಳುವೆನು. ಮುಂದೆ ಗದ್ವಾಲಕ್ಕೆ ವರ್ಗವಾಗಿ ಹೋದೆ. ಇನ್ನು ಬಿಡುಗಡೆ ಎಂದುಕೊಂಡು ಶಾಲೆಯ ಬಾಗಿಲು ದಾಟುವುದರೊಳಗೆ ಅಲ್ಲಿನ ಹುಡುಗರು ತೆಲುಗಿನಲ್ಲಿ, "ಪದಕೊಂಡು ಸಾರ್ ವಚ್ಚಿಂಡ್ರು" ಎಂದರು. ಹನ್ನೊಂದು ಮಾಸ್ತರ ಬಂದ. ನನ್ನ ಹೆಸರಿಗಿಂತ ನನ್ನ ಸಂಖ್ಯೆ ಮೊದಲು ಕೃಷ್ಣೆ ದಾಟಿತ್ತು.

ನಿಮಗೆ ಹೇಳುವುದು ಇಷ್ಟೇ. ಹಲಗೆಯ ಮೇಲೆ ಬರೆಯಿರಿ; ಗೋಡೆಯ ಮೇಲೆ ಬರೆಯಬೇಡಿರಿ. ಬರೆಯಲೇಬೇಕೆಂದರೆ ಊಟ ಮಾಡಿ ಬರೆಯಿರಿ.

ಅಪ್ಪ ಕೊಟ್ಟ ಮಾತು ತಪ್ಪುವವನಲ್ಲ. ಸುಗ್ಗಿ ಮುಗಿದ ಮೇಲೆ ಹೊಸ ರುಮಾಲು ಸುತ್ತಿಕೊಂಡು, ಮಗನ ಹೆಸರು ನೋಡಲು ನಾರಾಯಣಪೇಟೆಗೆ ಬಂದ. ಗೋಡೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಅಕ್ಷರ ಬಾರದವನು, ಎಲ್ಲಿ ನನ್ನ ಹೆಸರು ಎಂದು ಕೇಳಿ, ಅದರ ಮೇಲೆ ಬೆರಳಾಡಿಸಿದ. ಕಣ್ಣು ಒರೆಸಿಕೊಂಡ. ಆಮೇಲೆ ಮೇಲೆ ನೋಡಿದ.

"ಆ ಎರಡು ಕಂಬ ಏನು ತಮ್ಮಾ?"

"ಅದು ಹನ್ನೊಂದಪ್ಪ. ಅದನ್ನ ಯಾರೂ ಒಡೀಲಾರ್ರು ಅಂತ ಬರ್ದೈತಿ."

ಅಪ್ಪ ಎರಡೂ ಕೈಯ ಬೆರಳು ಮುಂದೆ ಚಾಚಿ, ಒಂದು ಬೆರಳು ಸಾಲದೆ, ನನ್ನ ಬೆರಳೊಂದನ್ನು ಹಿಡಿದುಕೊಂಡ. ಎರಡರಂತೆ ಹಂಚಿ ನೋಡಿದ, ಮೂರರಂತೆ ನೋಡಿದ, ಐದರಂತೆ ನೋಡಿದ. ನಡುವೆ ಎದ್ದು ಹೋಗಲಿಲ್ಲ. ಎಲ್ಲ ಮುಗಿಸಿ, ನನ್ನ ಬೆರಳನ್ನು ಬಿಡದೆ ಹೇಳಿದ:

"ಖರೇ ಐತಿ ನೋಡು. ಇಷ್ಟು ತಿಳ್ಕೊಳ್ಳಾಕ ಹೈದ್ರಾಬಾದಿಗೆ ಹೋಗಬೇಕಾತಾ?"